ತಲೆಸುತ್ತು ಮತ್ತು ಪ್ರಯಾಣವಾಂತಿ

ನಿಂತ ನೆಲವೇ ತಿರುಗಿದಂತೆಯೋ, ತಾನು ಗಾಳಿಯಲ್ಲಿ ತೇಲಿದಂತೆಯೋ, ಇಟ್ಟ ಹೆಜ್ಜೆ ಆಳಕ್ಕೆ ಕುಸಿದಂತೆಯೋ, ಕಣ್ಣಿಗೆ ಕತ್ತಲೆ ಕವಿದಂತೆಯೋ ಆಗುವ ನಾನಾ ವಿಧದ ಅನುಭವಗಳನ್ನೆಲ್ಲ ನಮ್ಮ ಜನ ತಲೆಸುತ್ತು ಎಂದು ಒಟ್ಟಾಗಿ ಕರೆದು, ಕಾರಣವೇನೆಂದು ಕೇಳಿದರೆ ಪಿತ್ತವೆಂದೋ, ರಕ್ತ ಕಡಿಮೆಯೆಂದೋ, ಈಚೀಚೆಗೆ ‘ಲೋ ಬಿಪಿ’ ಎಂದೋ ಹೇಳಿ ಸುಮ್ಮನಾಗುವುದು ವಾಡಿಕೆ. ವೈದ್ಯರ ಬಳಿಗೆ ಹೋದವರಲ್ಲಿಯೂ ಅನೇಕರು ರಕ್ತಪರೀಕ್ಷೆ, ಕತ್ತಿನ ಎಕ್ಸ್‌ರೇ, ತಲೆಯ ಸ್ಕ್ಯಾನು ಇವೆಲ್ಲವನ್ನೂ ಮುಗಿಸಿ, ಎಲ್ಲವೂ ಸರಿಯಾಗಿದೆಯೆಂಬ ವರದಿಯನ್ನು ಕೈಯಲ್ಲಿಯೂ ಹಳೆಯ ತಲೆಸುತ್ತನ್ನು ತಲೆಯಲ್ಲಿಯೂ ಹೊತ್ತು ಮನೆಗೆ ಮರಳುತ್ತಾರೆ. ಹೀಗೆ ಕಾರಣ ತಿಳಿಯದೆಂದು ಕೈಬಿಟ್ಟ ತಲೆಸುತ್ತುಗಳಲ್ಲಿ ಬಹುಪಾಲು, ಅದು ಎಷ್ಟು ಹೊತ್ತು ಇರುತ್ತದೆ, ಏನು ಮಾಡಿದಾಗ ಬರುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಯಾರೂ ಸಾವಧಾನವಾಗಿ ಕೇಳದಿದ್ದುದರಿಂದಲೇ ಮರೆಯಲ್ಲಿ ಉಳಿದವು. ತಲೆಸುತ್ತು ಹೇಗಿರುತ್ತದೆಂಬ ವರ್ಣನೆಗಿಂತ ಈ ಎರಡು ಪ್ರಶ್ನೆಗಳ ಉತ್ತರವೇ ರೋಗನಿದಾನಕ್ಕೆ ಹೆಚ್ಚು ಉಪಕಾರಿಯೆಂಬುದು ಕಳೆದ ಎರಡು ದಶಕಗಳಲ್ಲಿ ಸ್ಪಷ್ಟವಾಗಿದೆ.

ದೇಹವು ನೆಟ್ಟಗಿದೆಯೆ, ವಾಲಿದೆಯೆ, ಚಲಿಸುತ್ತಿದೆಯೆ ಎಂಬ ವರ್ತಮಾನವು ಮಿದುಳಿಗೆ ಮೂರು ಕಡೆಯಿಂದ ಬರುತ್ತದೆ: ಕಣ್ಣಿನಿಂದ, ಒಳಕಿವಿಯಿಂದ, ಮತ್ತು ಅಂಗಾಲು, ಕೀಲು, ಕತ್ತಿನ ಸ್ನಾಯುಗಳಿಂದ. ಇವುಗಳಲ್ಲಿ ಒಳಕಿವಿಯ ಪಾತ್ರವು ಬಹುಕಾಲ ಅಜ್ಞಾತವಾಗಿದ್ದಿತು. ಕಿವಿಯಿರುವುದು ಕೇಳುವುದಕ್ಕೆಂಬ ನಂಬಿಕೆ ಅಷ್ಟು ಸಹಜವಾದುದು. ತಲೆಬುರುಡೆಯ ಗಟ್ಟಿಮೂಳೆಯೊಳಗೆ, ಶ್ರವಣಕ್ಕೆ ಮೀಸಲಾದ ಸುರುಳಿಯಾಕಾರದ ಭಾಗಕ್ಕೆ ಅಂಟಿಕೊಂಡೇ, ಒಂದಕ್ಕೊಂದು ಲಂಬವಾಗಿ ನಿಂತ ಮೂರು ಅರ್ಧವೃತ್ತಾಕಾರದ ನಾಳಗಳೂ ಎರಡು ಸಣ್ಣ ಚೀಲಗಳೂ ಇವೆ. ತಲೆಯು ಯಾವ ದಿಕ್ಕಿಗೆ ತಿರುಗಿದರೂ ಆ ದಿಕ್ಕಿಗೆ ಸಂಬಂಧಪಟ್ಟ ನಾಳದೊಳಗಿನ ದ್ರವವು ಒಂದು ಕ್ಷಣ ಹಿಂದುಳಿದು ಅಲ್ಲಿಯ ಸೂಕ್ಷ್ಮವಾದ ರೋಮಕೋಶಗಳನ್ನು ಬಾಗಿಸುತ್ತದೆ. ಚೀಲಗಳಾದರೋ ಗಾರೆಕೆಲಸದವನ ರಸಮಟ್ಟದಂತೆ ತಲೆಯ ವಾಲಿಕೆಯನ್ನೂ, ಅದರೊಡನೆ ವಾಹನವು ಹೊರಡುವಾಗ, ನಿಲ್ಲುವಾಗ ಉಂಟಾಗುವ ವೇಗದ ಏರಿಳಿತವನ್ನೂ ಅಳೆಯುತ್ತವೆ. ಈ ಚೀಲಗಳೊಳಗೆ ಲೋಳೆಯ ಪದರವೊಂದರ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಅತಿ ಸಣ್ಣ ಹರಳುಗಳು ಕುಳಿತಿರುತ್ತವೆ. ಅವು ತಮ್ಮ ಸ್ಥಾನದಲ್ಲಿರುವವರೆಗೆ ಉಪಕಾರಿಗಳು. ಸ್ಥಾನಭ್ರಷ್ಟವಾದರೆ ಆಗುವ ಅನರ್ಥವನ್ನು ಮುಂದೆ ಹೇಳಲಾಗುವುದು.

ಒಳಕಿವಿಯ ಇನ್ನೊಂದು ಕಾರ್ಯವಂತೂ ಆರೋಗ್ಯವಂತರ ಅರಿವಿಗೆ ಬರುವುದೇ ಇಲ್ಲ. ನಡೆಯುವಾಗ ಹೆಜ್ಜೆಹೆಜ್ಜೆಗೂ ತಲೆ ಮೇಲೆ ಕೆಳಗೆ ಆಡುತ್ತಿದ್ದರೂ ಎದುರಿನ ಬೀದಿ ಕುಣಿಯದೆ ಸ್ಥಿರವಾಗಿ ತೋರುವುದಕ್ಕೆ ಕಾರಣವೇನೆಂದರೆ, ತಲೆ ಸರಿದಷ್ಟೇ ಪ್ರಮಾಣದಲ್ಲಿ ಕಣ್ಣುಗುಡ್ಡೆಗಳನ್ನು ವಿರುದ್ಧ ದಿಕ್ಕಿಗೆ ಸರಿಸುವ ಪ್ರೇರಣೆಯು ಒಳಕಿವಿಯಿಂದ ಕಣ್ಣಿನ ಸ್ನಾಯುಗಳಿಗೆ ತತ್‌ಕ್ಷಣವೇ ತಲಪುವುದು. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಬಂದ ಮೊದಲ ವರ್ಷಗಳಲ್ಲಿ ಆ ಔಷಧದಿಂದಲೇ ಎರಡು ಕಿವಿಗಳ ಸಮತೋಲಶಕ್ತಿಯನ್ನೂ ಕಳೆದುಕೊಂಡ ಅಮೆರಿಕದ ವೈದ್ಯನೊಬ್ಬನು 1952ರಲ್ಲಿ ತನ್ನ ಅವಸ್ಥೆಯನ್ನು ವೈದ್ಯಪತ್ರಿಕೆಯಲ್ಲಿ ವರ್ಣಿಸಿದ್ದಾನೆ: ಮಂಚದ ತಲೆಕಡೆಯ ಸರಳುಗಳ ನಡುವೆ ತಲೆಯನ್ನು ಒತ್ತಿಹಿಡಿದುಕೊಂಡ ಹೊರತು ಅವನಿಗೆ ಪುಸ್ತಕ ಓದುವುದು ಸಾಧ್ಯವಾಗುತ್ತಿರಲಿಲ್ಲ, ಏಕೆಂದರೆ ನಾಡಿಯ ಒಂದೊಂದು ಮಿಡಿತಕ್ಕೂ ಪುಟದ ಅಕ್ಷರಗಳು ಕುಪ್ಪಳಿಸುತ್ತಿದ್ದವು. ಜೆಂಟಾಮೈಸಿನ್ ಮೊದಲಾದ ಅದೇ ವರ್ಗದ ಚುಚ್ಚುಮದ್ದುಗಳಿಂದ ಈ ಬಗೆಯ ಹಾನಿ ಇಂದಿಗೂ ಅಲ್ಲಲ್ಲಿ ಕಂಡುಬರುತ್ತದೆ.

ಈ ಅಂಗದ ರಹಸ್ಯ ಬಯಲಾದ ಕಥೆ ದೀರ್ಘವಾದುದು. 1820ರ ದಶಕದಲ್ಲಿ ಫ್ರಾನ್ಸಿನ ಪಿಯೇರ್ ಫ್ಲೂರಾನ್ಸ್ ಎಂಬ ಶರೀರವಿಜ್ಞಾನಿಯು ಪಾರಿವಾಳಗಳ ಒಳಕಿವಿಯ ನಾಳಗಳನ್ನು ಒಂದೊಂದಾಗಿ ಕತ್ತರಿಸಿ, ಯಾವ ನಾಳವನ್ನು ಕತ್ತರಿಸಿದರೆ ಅದೇ ನಾಳದ ಸಮತಲದಲ್ಲಿ ಹಕ್ಕಿ ತಲೆಯಾಡಿಸುತ್ತ ತಡವರಿಸುವುದನ್ನು ಕಂಡನು. ಆದರೆ ಪ್ರಯೋಗಶಾಲೆಯ ಈ ಅರಿವು ರೋಗಿಯ ಹಾಸಿಗೆಯವರೆಗೆ ಬರಲು ಮತ್ತೆ ಹಲವು ದಶಕಗಳು ಹಿಡಿದವು. ಅಲ್ಲಿಯವರೆಗೆ ತಲೆ ತಿರುಗಿ ವಾಂತಿಮಾಡಿಕೊಂಡು ಬಿದ್ದವರ ಮಿದುಳಿನಲ್ಲಿ ರಕ್ತ ತುಂಬಿಕೊಂಡಿದೆಯೆಂದು ಊಹಿಸಿ, ನಾಳವನ್ನು ಸೀಳಿಯೋ ಜಿಗಣೆಗಳನ್ನು ಹಚ್ಚಿಯೋ ರಕ್ತ ತೆಗೆಯುವುದೇ ಯೂರೋಪಿನ ಚಿಕಿತ್ಸೆಯಾಗಿದ್ದಿತು. ಪ್ಯಾರಿಸ್ಸಿನ ಕಿವುಡಮೂಕರ ಸಂಸ್ಥೆಯಲ್ಲಿ ವೈದ್ಯನಾಗಿದ್ದ ಪ್ರಾಸ್ಪರ್ ಮೆನಿಯೇರ್ 1861ರಲ್ಲಿ, ಕಿವಿಮೊರೆತ ಮತ್ತು ಕಿವುಡಿನೊಡನೆ ಬರುವ ಇಂಥ ತಲೆಸುತ್ತಿನ ಮೂಲ ಒಳಕಿವಿಯಲ್ಲಿದೆಯೇ ಹೊರತು ಮಿದುಳಿನಲ್ಲಿಲ್ಲವೆಂದು ಅಲ್ಲಿಯ ವೈದ್ಯಪರಿಷತ್ತಿನ ಮುಂದೆ ವಾದಿಸಿದನು. ಮರುವರ್ಷವೇ ಆತ ತೀರಿಕೊಂಡದ್ದರಿಂದ ತನ್ನ ಹೆಸರು ಒಂದು ರೋಗದ ಹೆಸರಾದುದನ್ನು ಕಾಣಲಿಲ್ಲ.

ತರುವಾಯದ ಮುಖ್ಯ ಹೆಜ್ಜೆ ವಿಯೆನ್ನಾದ ರಾಬರ್ಟ್ ಬಾರಾನಿಯದು. ರೋಗಿಗಳ ಕಿವಿಯನ್ನು ಪಿಚಕಾರಿಯಿಂದ ತೊಳೆಯುವಾಗ ಕೆಲವರು ತಲೆ ತಿರುಗುತ್ತದೆಂದು ದೂರುವುದನ್ನೂ, ಆಗ ಅವರ ಕಣ್ಣುಗುಡ್ಡೆಗಳು ಒಂದೇ ಲಯದಲ್ಲಿ ಅದುರುವುದನ್ನೂ, ನೀರು ತಣ್ಣಗಿದ್ದರೆ ಆ ಅದುರುವಿಕೆ ಒಂದು ದಿಕ್ಕಿಗೂ ಬೆಚ್ಚಗಿದ್ದರೆ ಅದಕ್ಕೆ ವಿರುದ್ಧ ದಿಕ್ಕಿಗೂ ಆಗುವುದನ್ನೂ ಗಮನಿಸಿದ ಆತನು, ಬಿಸಿಯಿಂದಲೂ ಶೀತದಿಂದಲೂ ನಾಳದ ದ್ರವದಲ್ಲಿ ಪ್ರವಾಹವೇಳುವುದೇ ಇದರ ಕಾರಣವೆಂದು ನಿರ್ಣಯಿಸಿದನು. ಒಂದೊಂದು ಕಿವಿಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವ ಉಪಾಯ ಹೀಗೆ ವೈದ್ಯರ ಕೈಗೆ ಬಂದಿತು. ಇದಕ್ಕಾಗಿ ಆತನಿಗೆ 1914ನೆಯ ವರ್ಷದ ನೊಬೆಲ್ ಪಾರಿತೋಷಕ ಸಂದ ಸುದ್ದಿ ಮುಟ್ಟಿದ್ದು ರಷ್ಯದ ಯುದ್ಧಕೈದಿಗಳ ಶಿಬಿರದಲ್ಲಿ. ಸ್ವೀಡನ್ನಿನ ರಾಜಕುಮಾರನ ಮಧ್ಯಸ್ಥಿಕೆಯಿಂದ 1916ರಲ್ಲಿ ಬಿಡುಗಡೆಯಾಯಿತು.

ಇನ್ನು ಕಾಲಮಾನದ ಪ್ರಶ್ನೆಗೆ ಬರಬಹುದು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಅಟ್ಟದ ಮೇಲಿನ ಡಬ್ಬಿಗಾಗಿ ತಲೆಯೆತ್ತಿದಾಗ, ದೇವರಿಗೆ ಅಡ್ಡಬಿದ್ದು ಏಳುವಾಗ ಲೋಕವೆಲ್ಲ ಗಿರ್ರನೆ ತಿರುಗಿ, ಒಂದು ನಿಮಿಷ ತುಂಬುವುದರೊಳಗೆ ತಾನಾಗಿ ನಿಲ್ಲುವ ತಲೆಸುತ್ತು ಎಲ್ಲಕ್ಕಿಂತ ಸಾಮಾನ್ಯವಾದುದು, ಮತ್ತು ಎಲ್ಲಕ್ಕಿಂತ ಸುಲಭವಾಗಿ ಗುಣವಾಗತಕ್ಕದ್ದು. ಮೇಲೆ ಹೇಳಿದ ಹರಳುಗಳು ವಯಸ್ಸಿನಿಂದಲೋ, ತಲೆಗೆ ಬಿದ್ದ ಪೆಟ್ಟಿನಿಂದಲೋ, ಎಷ್ಟೋ ವೇಳೆ ಯಾವ ಹೊರಗಿನ ನಿಮಿತ್ತವೂ ಇಲ್ಲದೆಯೋ ಕಳಚಿಕೊಂಡು ಅರ್ಧವೃತ್ತಾಕಾರದ ನಾಳವೊಂದರೊಳಗೆ ಸೇರಿದರೆ, ತಲೆಯ ಭಂಗಿ ಬದಲಾದಾಗಲೆಲ್ಲ ಅವು ಉರುಳಿ, ಇಲ್ಲದ ತಿರುಗುವಿಕೆಯನ್ನು ಮಿದುಳಿಗೆ ವರದಿಮಾಡುತ್ತವೆ. ಐವತ್ತು ದಾಟಿದವರಲ್ಲಿ, ಅದರಲ್ಲಿಯೂ ಸ್ತ್ರೀಯರಲ್ಲಿ, ಇದು ಹೆಚ್ಚು. ರೋಗಿಯ ತಲೆಯನ್ನು 45 ಡಿಗ್ರಿಯಷ್ಟು ಪಕ್ಕಕ್ಕೆ ತಿರುಗಿಸಿ ಒಮ್ಮೆಲೇ ಹಿಂದಕ್ಕೆ ಮಲಗಿಸಿ ಕಣ್ಣುಗಳನ್ನು ನೋಡುವ ಸರಳ ಪರೀಕ್ಷೆಯನ್ನು ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬವರು 1952ರಲ್ಲಿಯೇ ವಿವರಿಸಿದ್ದರು. ಚಿಕಿತ್ಸೆ ದೊರೆತದ್ದು ಅದಕ್ಕೂ ಬಹಳ ತಡವಾಗಿ: ತಲೆಯನ್ನು ಹಂತಹಂತವಾಗಿ ತಿರುಗಿಸುತ್ತ, ಒಂದೊಂದು ಭಂಗಿಯಲ್ಲಿಯೂ ಅರ್ಧ ನಿಮಿಷದಷ್ಟು ತಡೆಹಿಡಿದು, ಹರಳುಗಳನ್ನು ಬಂದ ದಾರಿಯಲ್ಲಿಯೇ ಚೀಲಕ್ಕೆ ಮರಳಿಸುವ ವಿಧಾನವನ್ನು ಅಮೆರಿಕದ ಜಾನ್ ಎಪ್ಲೀ ಮೊದಲು ಮುಂದಿಟ್ಟಾಗ ಸಹವೈದ್ಯರಲ್ಲಿ ಅನೇಕರು ಅದನ್ನು ನಂಬಲಿಲ್ಲ, 1992ರಲ್ಲಿ ಆತನ ಪ್ರಬಂಧ ಪ್ರಕಟವಾದ ಮೇಲೆ ಇದು ಜಗತ್ತಿನಲ್ಲೆಲ್ಲ ಬಳಕೆಗೆ ಬಂದಿತು. ಔಷಧವಿಲ್ಲ, ಶಸ್ತ್ರವಿಲ್ಲ, ಹತ್ತು ನಿಮಿಷಗಳೂ ಬೇಡ. ಒಂದೆರಡು ಬಾರಿಯಲ್ಲಿಯೇ ಬಹುಪಾಲು ಜನ ಗುಣಹೊಂದುತ್ತಾರೆ. ಹೀಗಿದ್ದೂ ಇದೇ ಬಗೆಯ ರೋಗಿಗಳು ತಿಂಗಳುಗಟ್ಟಲೆ ಮಾತ್ರೆ ನುಂಗುತ್ತಿರುವುದು ವಿಷಾದದ ಸಂಗತಿಯೇ ಸರಿ. ಒಮ್ಮೆ ಗುಣವಾದದ್ದು ಮರುಕಳಿಸುವುದುಂಟು. ಆಗ ಅದೇ ಕ್ರಮವನ್ನು ಪುನಃ ಮಾಡಬೇಕಾಗುತ್ತದೆ.

ಮಲಗಿದ್ದವರೋ ಕುಳಿತಿದ್ದವರೋ ಎದ್ದು ನಿಂತೊಡನೆ ಕಣ್ಣು ಕತ್ತಲೆಯಾಗಿ, ಗೋಡೆ ಹಿಡಿದುಕೊಳ್ಳುವಂತಾಗಿ, ಕುಳಿತರೆ ಸರಿಹೋಗುವುದು ಬೇರೆ ಜಾತಿಗೆ ಸೇರಿದುದು. ಎದ್ದ ಮೂರು ನಿಮಿಷಗಳೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನ ಅಂಕಿ 10ರಷ್ಟು ಇಳಿದರೆ ಇದು ಖಚಿತ. ಕುಳಿತಾಗ ಮಾತ್ರ ಅಳೆದ ಬಿಪಿಯಿಂದ ಇದು ಪತ್ತೆಯಾಗದು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಅಳೆಯತಕ್ಕದ್ದು. ಭೇದಿಯಿಂದಲೋ ಬೇಸಗೆಯ ಬೆವರಿನಿಂದಲೋ ದೇಹದ ನೀರಿಳಿದಿರುವುದು, ಹಳೆಯ ಸಕ್ಕರೆ ಕಾಯಿಲೆಯಿಂದ ನರಗಳು ಸೋತಿರುವುದು, ಇವುಗಳ ಜೊತೆಗೆ ರಕ್ತದೊತ್ತಡಕ್ಕೂ ಪ್ರಾಸ್ಟೇಟ್ ಗ್ರಂಥಿಗೂ ಕೊಟ್ಟ ಮಾತ್ರೆಗಳೇ ವೃದ್ಧರಲ್ಲಿ ಬಹಳ ಸಲ ಇದರ ಮೂಲವಾಗಿರುವುದರಿಂದ, ಹೊಸ ಮಾತ್ರೆ ಸೇರಿಸುವುದಕ್ಕೆ ಮುನ್ನ ಹಳೆಯ ಚೀಟಿಗಳನ್ನೆಲ್ಲ ವೈದ್ಯರ ಮುಂದೆ ಹರಡುವುದು ಲೇಸು. ರಕ್ತಹೀನತೆ, ಹೃದಯದ ಲಯ ತಪ್ಪುವುದು, ಸಕ್ಕರೆಯ ಮಾತ್ರೆ ನುಂಗಿ ಊಟ ತಡಮಾಡುವುದು ಇವೂ ಇಲ್ಲಿಯೇ ಸೇರುತ್ತವೆ.

ಇಪ್ಪತ್ತು ನಿಮಿಷಗಳಿಂದ ಹನ್ನೆರಡು ಗಂಟೆಗಳವರೆಗೆ ಇದ್ದು, ಒಂದು ಕಿವಿಯಲ್ಲಿ ಮೊರೆತ, ತುಂಬಿಕೊಂಡಂಥ ಭಾರ, ಕೇಳುವಿಕೆಯಲ್ಲಿ ಏರುಪೇರು ಇವುಗಳೊಡನೆ ಬರುವುದು ಮೆನಿಯೇರನ ರೋಗ. ಒಳಕಿವಿಯ ದ್ರವದ ಒತ್ತಡ ಹೆಚ್ಚುವುದೇ ಇದರ ಹಿನ್ನೆಲೆಯೆಂದು ಬಗೆಯಲಾಗಿದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಮಿತಗೊಳಿಸುವಂತೆ ವೈದ್ಯರು ಹೇಳುವುದುಂಟು. ನಮ್ಮಲ್ಲಿ ತಲೆಸುತ್ತೆಂದರೆ ಮೊದಲು ಬರೆದುಕೊಡುವ ಬೀಟಾಹಿಸ್ಟಿನ್ ಮಾತ್ರೆಯು ಈ ರೋಗದಲ್ಲಿ ಹುಸಿಮಾತ್ರೆಗಿಂತ ಮೇಲಾಗಿ ಕೆಲಸಮಾಡಲಿಲ್ಲವೆಂದು 2016ರಲ್ಲಿ ಪ್ರಕಟವಾದ ಜರ್ಮನಿಯ ದೊಡ್ಡ ಪರೀಕ್ಷೆಯೊಂದು ತೋರಿಸಿತಾದರೂ, ಅದರ ಬಳಕೆ ತಗ್ಗಿದಂತೆ ಕಾಣುವುದಿಲ್ಲ.

ಮೈಗ್ರೇನ್ ಅಥವಾ ಅರೆತಲೆನೋವು ತಲೆನೋವಿಲ್ಲದೆಯೂ ತಲೆಸುತ್ತಾಗಿ ತೋರಿಬರುವುದೆಂಬುದು ಸಾಮಾನ್ಯರಿಗೆ ಆಶ್ಚರ್ಯವನ್ನುಂಟುಮಾಡಬಹುದು. ಐದು ನಿಮಿಷಗಳಿಂದ ಮೂರು ದಿನಗಳವರೆಗೆ ಎಷ್ಟು ಹೊತ್ತಾದರೂ ಇರಬಹುದಾದ ಈ ಬಗೆಗೆ 2012ರಲ್ಲಿ ಅಂತರರಾಷ್ಟ್ರೀಯ ಲಕ್ಷಣಸೂಚಿ ನಿಗದಿಯಾಯಿತು. ಬೆಳಕು ಸೇರದಿರುವುದು, ಸದ್ದು ಸಹಿಸದಿರುವುದು, ಒಪ್ಪೊತ್ತಿನ ಉಪವಾಸದ ಅಥವಾ ನಿದ್ದೆಗೆಟ್ಟ ರಾತ್ರಿಯ ಮರುದಿನ ಕಾಣಿಸಿಕೊಳ್ಳುವುದು ಇದರ ಗುರುತುಗಳು. ಇಂಥವರನ್ನು ವಿಚಾರಿಸಿದರೆ ಬಾಲ್ಯದಲ್ಲಿ ಬಸ್ಸು ಹತ್ತಿದರೆ ವಾಂತಿಯಾಗುತ್ತಿತ್ತೆಂದು ಅನೇಕರು ಹೇಳುವುದುಂಟು. ಎರಡರ ನಂಟು ಗಟ್ಟಿಯಾದುದು. ಕಾರಣ ತಿಳಿಯದ ತಲೆಸುತ್ತೆಂದು ವರ್ಷಗಟ್ಟಲೆ ಅಲೆದವರಲ್ಲಿ ಈ ವರ್ಗದವರು ಕಡಮೆಯಲ್ಲ.

ಇದಕ್ಕೆ ಪ್ರತಿಯಾಗಿ, ನಮ್ಮಲ್ಲಿ ಅತಿಯಾಗಿ ಹೊರಿಸಲ್ಪಡುವ ಕಾರಣವೊಂದಿದೆ: ಕತ್ತಿನ ಮೂಳೆಯ ಸವೆತ. ನಲವತ್ತು ದಾಟಿದ ಯಾರ ಕತ್ತಿನ ಎಕ್ಸ್‌ರೇ ತೆಗೆದರೂ ಒಂದಿಷ್ಟು ಸವೆತ ಕಾಣುವ ಸಂಭವವುಂಟು. ಆ ಮಾತ್ರದಿಂದ ಅದೇ ತಲೆಸುತ್ತಿನ ಮೂಲವೆಂದು ನಿರ್ಧರಿಸಿ ಕೊರಳಿಗೆ ಪಟ್ಟಿ ತೊಡಿಸುವುದು ತರ್ಕಕ್ಕೆ ನಿಲ್ಲದ ಪದ್ಧತಿ.

ಇನ್ನು ಪ್ರಯಾಣವಾಂತಿ. ಇದು ರೋಗವೆನ್ನುವುದಕ್ಕಿಂತ ಆರೋಗ್ಯವಂತ ಒಳಕಿವಿಯ ಪ್ರತಿಕ್ರಿಯೆಯೆಂದರೆ ಸರಿಯಾದೀತು. ಏಕೆಂದರೆ ಎರಡು ಒಳಕಿವಿಗಳೂ ಸಂಪೂರ್ಣ ನಿಷ್ಕ್ರಿಯವಾದವರಿಗೆ ಎಂಥ ಬಿರುಗಾಳಿಯ ಹಡಗಿನಲ್ಲಿಯೂ ಇದು ಬರುವುದಿಲ್ಲ, ಕುರುಡರಿಗಾದರೋ ಬರುತ್ತದೆ. ಘಾಟಿ ರಸ್ತೆಯಲ್ಲಿ ಬಸ್ಸಿನೊಳಗೆ ತಲೆತಗ್ಗಿಸಿ ಮೊಬೈಲು ನೋಡುವವನ ಕಣ್ಣು ತಾನು ನಿಶ್ಚಲನೆಂದು ಸಾರುತ್ತಿರುವಾಗ, ಅವನ ಕಿವಿ ಎಡಕ್ಕೂ ಬಲಕ್ಕೂ ತಿರುವುಗಳನ್ನು ಎಣಿಸುತ್ತಿರುತ್ತದೆ. ಈ ವಿರೋಧವೇ ಮೂಲವೆಂಬ ವಾದವನ್ನು ರೀಸನ್ ಮತ್ತು ಬ್ರಾಂಡ್ ಎಂಬವರು 1975ರ ತಮ್ಮ ಗ್ರಂಥದಲ್ಲಿ ವಿಸ್ತರಿಸಿದರು. ವಿರೋಧವುಂಟಾದರೆ ಹೊಟ್ಟೆ ತೊಳಸುವುದೇಕೆ ಎಂಬುದಕ್ಕೆ, ಇಂದ್ರಿಯಗಳ ಹೇಳಿಕೆ ಪರಸ್ಪರ ತಾಳೆಯಾಗದಿದ್ದರೆ ವಿಷ ಸೇವಿಸಿರಬಹುದೆಂದು ಮಿದುಳು ಭಾವಿಸಿ ಹೊಟ್ಟೆಯನ್ನು ಬರಿದುಮಾಡುತ್ತದೆಂದು 1977ರಲ್ಲಿ ಟ್ರೀಸ್‌ಮನ್ ಎಂಬಾತನು ಊಹಿಸಿದನು. ಊಹೆ ಚಮತ್ಕಾರವಾಗಿದೆ, ಸಾಧಿಸಿ ತೋರಿಸುವುದು ಮಾತ್ರ ಕಷ್ಟ. ನಿಶ್ಚಿತವಾಗಿ ಹೇಳಬಹುದಾದುದೆಂದರೆ, ಐದು ಸೆಕೆಂಡಿಗೊಮ್ಮೆಯಂತೆ ಬರುವ ನಿಧಾನವಾದ ತೂಗಾಟವೇ ಅತಿ ಪೀಡಾಕರವಾದುದು. ಆದುದರಿಂದಲೇ ಹಡಗಿನಲ್ಲಿ ನರಳುವವರು ಕುದುರೆಸವಾರಿಯಲ್ಲಿ ನರಳುವುದಿಲ್ಲ.

ಎರಡು ವರ್ಷದೊಳಗಿನ ಶಿಶುಗಳಿಗೆ ಇದು ಅಪರೂಪ. ಆ ಬಳಿಕ ಹನ್ನೆರಡರವರೆಗೆ ಪ್ರಬಲ. ಪುರುಷರಿಗಿಂತ ಸ್ತ್ರೀಯರಿಗೆ, ಮುಟ್ಟಿನ ದಿನಗಳಲ್ಲಿಯೂ ಗರ್ಭಿಣಿಯರಾಗಿದ್ದಾಗಲೂ ಹೆಚ್ಚು. ವಾಹನ ನಡೆಸುವವನಿಗೆ ಬಹುಮಟ್ಟಿಗೆ ಬರುವುದಿಲ್ಲ, ಏಕೆಂದರೆ ಮುಂದಿನ ತಿರುವು ಅವನಿಗೆ ಮೊದಲೇ ಗೊತ್ತು. ಹಡಗಿನವರಲ್ಲಿ ಹೆಚ್ಚಿನವರು ಮೂರುನಾಲ್ಕು ದಿನಗಳಲ್ಲಿ ಒಗ್ಗಿಕೊಳ್ಳುತ್ತಾರಾದರೂ, ಚಾರ್ಲ್ಸ್ ಡಾರ್ವಿನ್ 1831ರಿಂದ 1836ರವರೆಗಿನ ತನ್ನ ಬೀಗಲ್ ಯಾನದ ಉದ್ದಕ್ಕೂ ನರಳಿದನು. ಬಾಹ್ಯಾಕಾಶದಲ್ಲಿ ಇದನ್ನು ಮೊದಲು ಅನುಭವಿಸಿದವನು 1961ರಲ್ಲಿ ಹಾರಿದ ರಷ್ಯದ ಗೆರ್ಮನ್ ಟಿಟೋವ್. 1984ರಲ್ಲಿ ನಮ್ಮ ರಾಕೇಶ್ ಶರ್ಮಾ ಸಾಲ್ಯೂತ್ ನಿಲ್ದಾಣದಲ್ಲಿ ಯೋಗಾಭ್ಯಾಸದಿಂದ ಇದಕ್ಕೆ ಉಪಶಮನವಾಗುವುದೇ ಎಂಬ ಪ್ರಯೋಗವನ್ನು ನಡೆಸಿದರು.

ನಿವಾರಣೆಯ ಉಪಾಯಗಳೆಲ್ಲ ಮೇಲಿನ ವಿರೋಧವನ್ನು ತಗ್ಗಿಸುವವೇ ಆಗಿವೆ. ಆಗುಂಬೆಯ 14 ತಿರುವುಗಳನ್ನು ಇಳಿಯುವವರು ಬಸ್ಸಿನ ಮುಂದಿನ ಸಾಲುಗಳಲ್ಲಿ ಕುಳಿತು, ತಲೆಯನ್ನು ಸೀಟಿಗೆ ಆನಿಸಿ, ಕಿಟಕಿಯ ಪಕ್ಕದ ಮರಗಳನ್ನು ಬಿಟ್ಟು ಎದುರಿನ ದೂರದ ರಸ್ತೆಯನ್ನು ನೋಡತಕ್ಕದ್ದು. ಅದಾಗದಿದ್ದರೆ ಕಣ್ಣುಮುಚ್ಚಿ ಮಲಗುವುದು ಒಳ್ಳೆಯದು. ಹಡಗಿನಲ್ಲಿ ನಡುಭಾಗ, ವಿಮಾನದಲ್ಲಿ ರೆಕ್ಕೆಯ ಮೇಲಿನ ಆಸನ ಕಡಮೆ ತೂಗುತ್ತವೆ. ಬರಿಹೊಟ್ಟೆಯೂ ಸಲ್ಲದು, ಪೂರಿ ಬೋಂಡಾ ತಿಂದ ಹೊಟ್ಟೆಯೂ ಸಲ್ಲದು. ಎರಡು ಇಡ್ಲಿ ಸಾಕು. ನಿಂಬೆಹಣ್ಣು ಮೂಸುವುದರಿಂದ ಹಾನಿಯೇನೂ ಇಲ್ಲ, ಡೀಸೆಲ್ ವಾಸನೆಯನ್ನಂತೂ ಮರೆಸುತ್ತದೆ. ಶುಂಠಿಯ ಪುಡಿ ತೆಗೆದುಕೊಂಡವರು ತಿರುಗುವ ಕುರ್ಚಿಯಲ್ಲಿ ಹೆಚ್ಚು ಹೊತ್ತು ತಾಳಿಕೊಂಡರೆಂದು 1982ರಲ್ಲಿ ವರದಿಯಾದ ಮೇಲೆ ನಡೆದ ಪರೀಕ್ಷೆಗಳ ಫಲ ಏಕರೂಪವಾಗಿಲ್ಲದಿದ್ದರೂ, ನಮ್ಮ ಅಜ್ಜಿಯರ ಶುಂಠಿಯನ್ನು ತಳ್ಳಿಹಾಕಲು ಕಾರಣವಿಲ್ಲ.

ಔಷಧಗಳಲ್ಲಿ ಡೈಮೆನ್‌ಹೈಡ್ರಿನೇಟಿನ ಶೋಧ ಕೇವಲ ಆಕಸ್ಮಿಕ. ಎರಡನೆಯ ಮಹಾಯುದ್ಧ ಮುಗಿದ ಬಳಿಕ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಮೈಮೇಲೆ ಏಳುವ ದದ್ದುಗಳಿಗಾಗಿ ಈ ಮದ್ದನ್ನು ಪಡೆಯುತ್ತಿದ್ದ ಗರ್ಭಿಣಿಯೊಬ್ಬಳು, ಟ್ರಾಮ್ ಗಾಡಿಯಲ್ಲಿ ತನಗೆ ಯಾವಾಗಲೂ ಬರುತ್ತಿದ್ದ ಓಕರಿಕೆ ನಿಂತಿತೆಂದು ಹೇಳಿದಳು. ಗೇ ಮತ್ತು ಕಾರ್ಲೈನರ್ ಎಂಬ ವೈದ್ಯರು ಈ ಮಾತನ್ನು ಉಪೇಕ್ಷಿಸದೆ, 1948ರ ನವೆಂಬರಿನಲ್ಲಿ ನ್ಯೂಯಾರ್ಕಿನಿಂದ ಜರ್ಮನಿಗೆ ಹೊರಟ ಸೈನಿಕರ ಹಡಗಿನಲ್ಲಿ ಅದನ್ನು ಪರೀಕ್ಷಿಸಿ ಯಶಸ್ಸು ಕಂಡರು. ನಮ್ಮಲ್ಲಿ ಅವೊಮಿನ್ ಎಂಬ ಹೆಸರಿನಿಂದ ಮಾರಾಟವಾಗುವ ಪ್ರೊಮೆಥಜಿನ್ ಇದೇ ಬಳಗದ್ದು. ಇವನ್ನೆಲ್ಲ ಹೊರಡುವುದಕ್ಕೆ ಅರ್ಧದಿಂದ ಒಂದು ಗಂಟೆ ಮುಂಚಿತವಾಗಿ ತೆಗೆದುಕೊಳ್ಳಬೇಕು. ಓಕರಿಕೆ ಹತ್ತಿದ ಮೇಲೆ ಜಠರದ ಚಲನೆಯೇ ಸ್ತಬ್ಧವಾಗುವುದರಿಂದ ಮಾತ್ರೆ ರಕ್ತಕ್ಕೆ ಸೇರದು. ನಿದ್ದೆ ತರಿಸುವುದರಿಂದ ವಾಹನ ನಡೆಸುವವರಿಗೆ ವರ್ಜ್ಯ. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೊಮೆಥಜಿನ್ ಕೊಡಲೇಕೂಡದು. ಕಿವಿಯ ಹಿಂದೆ ಅಂಟಿಸಿಕೊಳ್ಳುವ ಹಯೊಸಿನ್ ಪಟ್ಟಿಯು ಪರಿಣಾಮಕಾರಿಯಾದರೂ, ಗ್ಲಾಕೋಮಾ ಇರುವವರಿಗೂ ಮೂತ್ರಕಟ್ಟಿನ ವೃದ್ಧರಿಗೂ ಅಪಾಯಕರ.

ಆಯುರ್ವೇದವು ಈ ವಿಷಯವನ್ನು ಅಲಕ್ಷಿಸಿಲ್ಲ. ಚರಕಸಂಹಿತೆಯು ಎಂಬತ್ತು ವಾತವಿಕಾರಗಳಲ್ಲಿ ಭ್ರಮವೆಂಬ ಹೆಸರಿನಿಂದ ತಲೆಸುತ್ತನ್ನು ಎಣಿಸಿದರೆ, ಮಾಧವನಿದಾನವು ಅದನ್ನು ರಜೋಗುಣದೊಡನೆ ಕೂಡಿದ ಪಿತ್ತವಾತಗಳ ಕಾರ್ಯವೆಂದು ಹೇಳುತ್ತದೆ. ನಮ್ಮ ಹಳ್ಳಿಗರು ತಲೆ ತಿರುಗಿದಾಗ ಪಿತ್ತವನ್ನು ದೂರುವುದಕ್ಕೆ ಹೀಗೆ ಪ್ರಾಚೀನವಾದ ಆಧಾರವೇ ಇದೆ.

ಕೊನೆಯದಾಗಿ, ಎಲ್ಲ ಪರೀಕ್ಷೆಗಳನ್ನೂ ದಾಟಿ ಉಳಿಯುವ ತಲೆಸುತ್ತೊಂದಿದೆ. ಹರಳಿನ ಕಾಟವೋ, ಒಳಕಿವಿಯಿಂದ ಮಿದುಳಿಗೆ ಹೋಗುವ ಸಮತೋಲನರದ ಉರಿಯೂತವೋ ಬಂದು ಹೋದ ಮೇಲೆಯೂ, ಕೆಲವು ಸಲ ತೀವ್ರ ಭಯದ ಪ್ರಸಂಗವೊಂದರ ನಂತರ, ಮೂರು ತಿಂಗಳಿಗೂ ಮೀರಿ ಬಹುಪಾಲು ದಿನಗಳಲ್ಲಿ ತೇಲಿದಂತೆ, ತೂಗಿದಂತೆ ಆಗುವ ಈ ಸ್ಥಿತಿಯು ನಿಂತಾಗ ಹೆಚ್ಚು, ಮಲಗಿದಾಗ ಕಡಮೆ. ಜನಸಂದಣಿಯ ಸಂತೆ, ಸಾಲುಸಾಲು ಕಪಾಟುಗಳ ಅಂಗಡಿ, ಮೊಬೈಲಿನಲ್ಲಿ ಸರಸರನೆ ಸರಿಯುವ ಚಿತ್ರಗಳು ಇದನ್ನು ಕೆರಳಿಸುತ್ತವೆ. ಬಾರಾನಿಯ ಹೆಸರನ್ನು ಹೊತ್ತ ಅಂತರರಾಷ್ಟ್ರೀಯ ಸಂಘವು 2017ರಲ್ಲಿ ಇದರ ಲಕ್ಷಣಗಳನ್ನು ನಿಗದಿಪಡಿಸಿತು; ಪಿಪಿಪಿಡಿ ಎಂಬುದು ಇದರ ಸಂಕ್ಷಿಪ್ತನಾಮ. ಇದು ರೋಗಿಯ ಕಲ್ಪನೆಯಲ್ಲ, ಅವನ ಬಂಧುಗಳು ಸಾಮಾನ್ಯವಾಗಿ ಭಾವಿಸುವಂತೆ ನೆಪವೂ ಅಲ್ಲ: ಬೀಳುವ ಭಯದಿಂದ ಬಿಗಿಹಿಡಿದ ಮಿದುಳು ಒಳಕಿವಿಯನ್ನು ನಂಬದೆ ಕಣ್ಣನ್ನೇ ಅತಿಯಾಗಿ ಆಶ್ರಯಿಸುವ ರೂಢಿಗೆ ಬಿದ್ದಿರುತ್ತದೆ. ಸಮತೋಲದ ಮರುತರಬೇತಿ, ಮನಶ್ಶಾಸ್ತ್ರೀಯ ಸಮಾಲೋಚನೆ, ಅಗತ್ಯವಿದ್ದರೆ ಖಿನ್ನತೆಗೆ ಕೊಡುವ ವರ್ಗದ ಕೆಲವು ಔಷಧಗಳು ಇದಕ್ಕೆ ಚಿಕಿತ್ಸೆ.

ಈ ಮರುತರಬೇತಿಯ ಮೂಲ 1940ರ ದಶಕದ ಇಂಗ್ಲೆಂಡಿನಲ್ಲಿದೆ. ತಲೆಗೆ ಪೆಟ್ಟುಬಿದ್ದವರಲ್ಲಿ ಮಲಗಿದವರಿಗಿಂತ ಎದ್ದು ಓಡಾಡಿದವರೇ ಬೇಗ ಚೇತರಿಸಿಕೊಳ್ಳುವುದನ್ನು ಕಂಡ ಕಾಥಾರ್ನ್ ಮತ್ತು ಕುಕ್‌ಸೀ ಎಂಬವರು ಕಣ್ಣು, ತಲೆ, ಮೈಗಳನ್ನು ಕ್ರಮೇಣ ವೇಗವಾಗಿ ಆಡಿಸುವ ವ್ಯಾಯಾಮಗಳನ್ನು ರೂಪಿಸಿದರು. ಮಿದುಳು ಅಭ್ಯಾಸದಿಂದ ಎಷ್ಟು ಒಗ್ಗಬಲ್ಲದೆಂಬುದಕ್ಕೆ ರಂಗಸ್ಥಳದಲ್ಲಿ ಸಾಲುಸಾಲಾಗಿ ಗಿರಕಿಯ ಧೀಂಗಿಣ ಹೊಡೆದು ಮರುಕ್ಷಣವೇ ಅರ್ಥಗಾರಿಕೆಗೆ ನಿಲ್ಲುವ ಯಕ್ಷಗಾನದ ವೇಷಧಾರಿಯೇ ಸಾಕ್ಷಿ. ಇದರಿಂದ ಹೊರಡುವ ತಾತ್ಪರ್ಯವೊಂದನ್ನು ಔಷಧಪ್ರಿಯರಾದ ನಾವು ಗಮನಿಸಬೇಕು: ತಲೆಸುತ್ತನ್ನು ಅದುಮುವ ಸ್ಟೆಮೆಟಿಲ್, ಸಿನ್ನರಿಜಿನ್ ಮೊದಲಾದವು ತೀವ್ರ ಬಾಧೆಯ ಎರಡು ಮೂರು ದಿನಗಳಿಗೆ ಯೋಗ್ಯವಾದವೇ ಹೊರತು, ತಿಂಗಳುಗಟ್ಟಲೆ ನುಂಗಿದರೆ ಮಿದುಳು ಒಗ್ಗಿಕೊಳ್ಳುವುದನ್ನೇ ತಡೆಯುತ್ತವೆ; ವೃದ್ಧರಲ್ಲಿ ಕೈನಡುಕ, ಮೈಬಿಗಿತಗಳನ್ನೂ ತರುತ್ತವೆ.

ಒಂದು ಎಚ್ಚರಿಕೆಯನ್ನು ಮಾತ್ರ ಓದುಗರು ಮರೆಯಕೂಡದು. ಹಠಾತ್ತಾಗಿ ಆರಂಭವಾಗಿ ಗಂಟೆಗಟ್ಟಲೆ ನಿಲ್ಲದ ತಲೆಸುತ್ತು ಬಹುಮಟ್ಟಿಗೆ ಸಮತೋಲನರದ ಉರಿಯೂತವಾಗಿರುತ್ತದಾದರೂ, ಕಿರುಮೆದುಳಿನ ಪಾರ್ಶ್ವವಾಯುವೂ ಅದೇ ವೇಷದಲ್ಲಿ ಬರಬಲ್ಲದು. ಮೊದಲ ಒಂದೆರಡು ದಿನಗಳಲ್ಲಿ ಎಂಆರ್‌ಐ ಕೂಡ ಅದನ್ನು ಕಾಣದೆಹೋಗುವುದುಂಟು. ತಲೆಸುತ್ತಿನೊಡನೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಮುಖ ಅಥವಾ ಕೈಕಾಲು ಸೋತರೆ, ಹಿಂದೆಂದೂ ಇಲ್ಲದ ತಲೆನೋವು ಬಂದರೆ, ಆಸರೆಯಿಲ್ಲದೆ ನಿಲ್ಲಲು ಸಾಧ್ಯವೇ ಆಗದಿದ್ದರೆ, ಎದೆನೋವಿದ್ದರೆ ಅಥವಾ ಪ್ರಜ್ಞೆ ತಪ್ಪಿದರೆ, ನಿಂಬೆಯ ಪಾನಕ ಕೊಟ್ಟು ಬೆಳಗಿನವರೆಗೆ ಕಾಯದೆ ಒಡನೆಯೇ ರೋಗಿಯನ್ನು ದೊಡ್ಡಾಸ್ಪತ್ರೆಗೆ ಸೇರಿಸತಕ್ಕದ್ದು.